ಯಾರ ಹೆಸರಿಗೆ ಪಾಯಿಂಟು

ಲಿಂಗಸೂರು ಬಸ್‌ಸ್ಟ್ಯಾಂಡಿನ ಎದುರು ಮೂರು ಔಷಧದಂಗಡಿ,
ನನ್ನ ಸೆರಗಿನ ಗಂಟಿನಾಗ ಎರಡು ಕಾರ್ಡು.

ಹಳದಿದು ನೂರು ರೂಪಾಯಿಗೆ ಒಂದು ಪಾಯಿಂಟು ಕೊಡತೈತಿ,
ಐನೂರು ತುಂಬಿದ್ರ ಐದು ಲೀಟರಿನ ಕುಕ್ಕರು.
ನೀಲಿದು ನೂರಕ್ಕ ಹನ್ನೆರಡು ಅಲ್ಲೇ ಕಳೀತೈತಿ,
ಆದ್ರ ಅಲ್ಲಿ ಅರ್ಧ ಶೀಟು ಕತ್ತರಿಸಿ ಕೊಡಂಗಿಲ್ಲ,
ಪೂರಾ ಹತ್ತು ಗುಳಿಗಿ ತಗೋ, ಇಲ್ಲಾ ಬಿಡು.
ಮೂರನೇದು ಲಾಲ್‌ಸಾಬರದು. ಕಾರ್ಡಿಲ್ಲ.
ಉದ್ದನೆ ವಹಿ ಐತಿ,
ಅದರಾಗ ನಮ್ಮ ಬಾಕಿ.

ಹಳದಿ ಅಂಗಡಿ ಹುಡುಗ ಹೆಸರು ಕೇಳತಾನ.
ಮೂವತ್ತಾರು ವರ್ಷ ನಾ ಬಾಯಿಲೆ ಅನ್ನದ ಹೆಸರು.
ಸುಮ್ಮನ ಕಾರ್ಡು ಮುಂದ ಹಿಡೀತೀನಿ.
ಅವನೇ ಓದತಾನ, ಗಟ್ಟಿಯಾಗಿ,
ಹಲ್ಲಾಗ ಏನೋ ಅಗೀತ.

ಹಟ್ಟಿ ಗಣಿಯಾಗ ಇಪ್ಪತ್ತೆಂಟು ವರ್ಷ ಕೆಳಗಿಳಿದವರು,
ಕಲ್ಲಿಗೆ ತೂತು ಹೊಡಿಯೋ ಮಿಷಿನು ಎದಿಗೊತ್ತಿ ಹಿಡಿದವರು.
ಇಪ್ಪತ್ತೈದು ತುಂಬಿದಾಗ ಅಲ್ಲಿಯೂ ಕೊಟ್ಟಿದ್ರು
ಒಂದು ಶಾಲು, ಒಂದು ಗ್ವಾಡಿ ಗಡಿಯಾರ.
ಗಡಿಯಾರ ಹತ್ತು ನಿಮಿಷ ಮುಂದ ಓಡತೈತಿ.
ಕೆಮ್ಮು ಅದಕ್ಕಿಂತ ಮುಂದ.

ಕಾರ್ಡು ಇಲ್ಲದ ಕಾಲಕ್ಕ
ಹಳ್ಳದ ಆಚಿ ಮಠದಾಗ ಒಬ್ಬ ಅಜ್ಜ ಇದ್ದ.
ಅಮಾಸಿ ರಾತ್ರಿ ತಂಬೂರಿ, ತತ್ವಪದ, ಚಿಲುಮಿ.
ಕಾಗದದ ಪುಡಿಕಿಯಾಗ ಒಂದು ಚಿಟಿಕಿ ಸೊಪ್ಪು,
ಪ್ರಸಾದ ಅಂತ ಕಣ್ಣಿಗೊತ್ತಿಕೊಂಡು ತರತಿದ್ರು ಇವ್ರು.
ಅಜ್ಜ ರೊಕ್ಕ ಕೇಳಲಿಲ್ಲ, ಎಷ್ಟು ಸಲ ಬಂದಿ ಅಂತ ಎಣಿಸಲಿಲ್ಲ.
ಒಂದೇ ವಾರದಾಗ ಎರಡು ಸಲ ಹೋದ್ರ ಮಾತ್ರ
"ಇದರ ಗೆಳೆತನ ಬ್ಯಾಡೋ ತಮ್ಮಾ, ಮನಿಗೆ ಹೋಗು"
ಅಂದು ಬರಿಗೈಲೆ ಕಳಿಸತಿದ್ದ.
ಮತ್ತ ಬಾ ಅನ್ನದ ಅಂಗಡಿ ಅದೊಂದ ನಾ ಕಂಡದ್ದು.

ಪೊಲೀಸರು ಬಂದರು.
ತೊಗರಿ ಸಾಲಿನ ನಡುವಿನ ಗಿಡ ಕಿತ್ತು ಜೀಪಿಗೆ ತುಂಬಿದರು.
ಅಜ್ಜ ತಂಬೂರಿ ತಗೊಂಡು ಎತ್ತ ಹೋದನೋ.
ಅದು ಛಲೋ ಇತ್ತು ಅಂತ ನಾ ಹೇಳಂಗಿಲ್ಲ.
ಆ ರಾತ್ರಿ ಇವ್ರು ನಿದ್ದಿ ಮಾಡತಿದ್ರು, ಅಷ್ಟ.

ಮೊನ್ನೆ ಮಗ್ಗಲಾಗ ಕುಂತು ಲೆಕ್ಕ ಹಾಕಿದೆ.
ತಿಂಗಳಿಗೆ ಸಾವಿರದ ಐನೂರಿನ ಔಷಧ, ಹದಿನೈದು ಪಾಯಿಂಟು,
ಕುಕ್ಕರಿಗೆ ಎರಡು ವರ್ಷ ಒಂಬತ್ತು ತಿಂಗಳು ಬೇಕು,
ಆಗ್ಲೂ ಐದು ಪಾಯಿಂಟು ಕಮ್ಮಿ.
"ಆಯ್ತು ಬಿಡು," ಅಂದ್ರು ಗ್ವಾಡಿಗೆ ಒರಗಿದವರು,
"ಅಲ್ಲೀಮಟ ಕೆಮ್ಮತೀನಿ. ನಿನಗ ಕುಕ್ಕರ್ ಬರಲಿ."
ನಕ್ಕೆ.
ನಕ್ಕದ್ದಕ್ಕ ಸಿಟ್ಟು ಬಂತು,
ಯಾರ ಮ್ಯಾಲ ಅಂತ ಗೊತ್ತಾಗಲಿಲ್ಲ.

ನಳದ ಹತ್ರ ಹೇಳಿದ್ದ ತಡ
ಓಣಿಗೆಲ್ಲ ನಮ್ಮ ಮೊಬೈಲ್ ನಂಬರು ಬಾಯಿಪಾಠ.
ಹುಲಿಗೆಮ್ಮನ ಸಕ್ಕರಿ ಗುಳಿಗಿ,
ಖಾಜಾಬನಿ ಮೊಮ್ಮಗನ ಜ್ವರದ ಎಣ್ಣಿ,
ಗದ್ದೆಪ್ಪನ ಸೊಸಿಗೆ ಏಳು ತಿಂಗಳು, ಆಕಿಯ ರಕ್ತದ ಗುಳಿಗಿ,
ಎಲ್ಲಾ ಇವರ ಖಾತೆಗೆ.
ಈಗ ಆ ಕಂಪ್ಯೂಟರಿನಾಗ ನನ್ನ ಗಂಡಗ
ಸಕ್ಕರಿ ಐತಿ, ಹಲ್ಲು ಬರೋ ಜ್ವರ ಐತಿ,
ಹಂಗ ಬಸುರೂ ಆಗ್ಯಾರ.
ಸಂಜಿಗೆ ಇದನ್ನ ಹೇಳಿದ್ರ
ಕೆಮ್ಮು ಬರೂಮಟ ನಕ್ಕರು, ಹೊಟ್ಟಿ ಸವರಿಕೊಂತ.

ಉಗಾದಿ ಮುಂದ ತುಂಬಿತು ಐನೂರು.
ಹುಡುಗ ಪರದೆ ನೋಡಿದ, ನನ್ನ ನೋಡಿದ.
"ಇಷ್ಟೆಲ್ಲಾ ಜಡ್ಡು ಒಬ್ಬರಿಗೇನಮ್ಮಾ? ಯಾರಿವರು?"
ಕಾರ್ಡು ಅವನ ಕೈಯಾಗ ಇತ್ತು.
ಓದಲಿಲ್ಲ. ನನ್ನ ಬಾಯಿ ನೋಡಿಕೊಂತ ನಿಂತ.

"ಯಂಕೋಬ," ಅಂದೆ.

ಎಷ್ಟು ಸಣ್ಣ ಹೆಸರು.
ಇಷ್ಟು ವರ್ಷ ಎಷ್ಟೋ ಭಾರ ಅಂದುಕೊಂಡಿದ್ದೆ.

ಡಬ್ಬಿ ಎರಡೂ ಕೈಲೆ ಅವಚಿಕೊಂಡು
ಲಾಲ್‌ಸಾಬರ ಅಂಗಡಿ ಮುಂದ ತಲಿ ತಗ್ಗಿಸಿ ಹಾಯತಿದ್ದೆ.
ವಹಿ ಮ್ಯಾಲಿನ ಧೂಳು ಊದುತ ಇದ್ದವರು ಕಂಡೇ ಬಿಟ್ಟರು.
ಡಬ್ಬಿ ಬಗ್ಗೆ ಕೇಳಲಿಲ್ಲ, ಬಾಕಿ ಬಗ್ಗೆ ಕೇಳಲಿಲ್ಲ.
"ಯಜಮಾನರಿಗೆ ರಾತ್ರಿ ನಿದ್ದಿ ಬರತೈತೇನಮ್ಮಾ?"

ತಲಿಲೆ ಹೂಂ ಅಂದೆ.
ಸುಳ್ಳದು.